ಕಗ್ಗ ಬೆಳೆಯುತ್ತಿದ್ದ ಗಜನಿ

ಅಮ್ಮನ ತವರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಮೊದಲು ಹರವಾಗಿ ಹರಡಿಕೊಳ್ಳುವ ಕಡೆ. ಮನೆಯ ಹಿಂದೆ ತೆಂಗಿನ ಹಿತ್ತಲು, ಅದರಾಚೆ ಗಜನಿ, ಅಂದರೆ ಅಳಿವೆಯಂಚಿನ ತಗ್ಗುಗದ್ದೆ; ಗಜನಿಯನ್ನೂ ಉಪ್ಪುನೀರನ್ನೂ ಬೇರೆ ಮಾಡುವ ಮಣ್ಣಿನ ಕಟ್ಟೆ. 1960ರ ದಶಕದ ಕೊನೆಯಲ್ಲಿ, ನಾನು ರಜೆಗೆ ಹೋಗುತ್ತಿದ್ದಾಗ, ಅಲ್ಲಿ ಮಳೆಗಾಲಕ್ಕೆ ಕಗ್ಗ, ಬೇಸಿಗೆಗೆ ಶೆಟ್ಲಿ (ಸಿಗಡಿ), ಏಡಿ. ಈಚೆಗೆ ಹೋದಾಗ ನೋಡಿದೆ: ಕಟ್ಟೆಯ ಎರಡೂ ಕಡೆ ಉಪ್ಪುನೀರು.

ಕಗ್ಗ ಉಪ್ಪನ್ನು ತಾಳುವ ಭತ್ತ. ಗೊಬ್ಬರ ಕೇಳುವುದಿಲ್ಲ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಜೂನ್ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಿದ್ದರು. ಮಳೆ ಮುಗಿದ ಮೇಲೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಿದ್ದರು. ಹಲಗೆಯ ಬಾಗಿಲೆತ್ತಿ ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಆ ಹುಲ್ಲಿಗೆ ಮೀನು, ಶೆಟ್ಲಿ ಬಂದು ಸೇರುತ್ತಿದ್ದವು. ಅವು ಬಿಟ್ಟುಹೋದದ್ದೇ ಮುಂದಿನ ವರ್ಷದ ಗೊಬ್ಬರ.

ಅದು ಸುಖದ ಕಾಲವಾಗಿತ್ತು ಎಂದು ನಾನು ಹೇಳಲಾರೆ. ಇಳುವರಿ ಕಡಿಮೆ. ಕೆಸರಿನಲ್ಲಿ ದಿನವಿಡೀ ನಿಂತು ತೆನೆ ಕೊಯ್ದ ಹೆಂಗಸರು ರಾತ್ರಿ ಕಾಲಿಗೆ ಎಣ್ಣೆ ಸವರಿಕೊಂಡು ನರಳುತ್ತಿದ್ದರು. ಭೂಮಿ ಇಲ್ಲದವರಿಗೆ ಸಿಗುತ್ತಿದ್ದ ಪಾಲು ಸಣ್ಣದು. ಆದರೆ ಕಟ್ಟೆ ಮಾತ್ರ ಊರಿನದು. ಏಡಿ ತೋಡಿದ ಒಂದು ಬಿಲ ಸಾಕು, ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಅದೇ ಬಿರುಕಾಗಿ ಇಡೀ ಬೆಳೆ ಹೋಗುತ್ತಿತ್ತು. ಒಂದು ರಾತ್ರಿ ‘ಕಟ್ಟೆ ಒಡೀತು’ ಎಂಬ ಕೂಗು ಕೇಳಿ ಮಾವ ಊಟ ಬಿಟ್ಟು ಎದ್ದು ಓಡಿದ್ದು ನೆನಪಿದೆ. ಅವನ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವನೂ ಕಂದೀಲು ಹಿಡಿದು ಬಂದಿದ್ದ. ಬೆಳಗಿನವರೆಗೆ ಇಬ್ಬರೂ ಒಂದೇ ಕಡೆ ಮಣ್ಣು ತುಂಬಿದರು.

1970ರ ದಶಕದಲ್ಲಿ ಖಾರ್‌ಲ್ಯಾಂಡ್ (ಉಪ್ಪುನೆಲ) ಯೋಜನೆಯ ಕಾಯಂ ಕಟ್ಟೆಗಳು ಬಂದವು. ಮಾವನ ಮಗ ಈಗ ಹೇಳುವುದಿಷ್ಟು: “ಕಟ್ಟೆ ಸರ್ಕಾರದ್ದಾಯ್ತು ಭಾವ, ಆಮೇಲೆ ಕಾಯೂಕೆ ಯಾರ್ ಹೋಗ್ತರು?” ಅವನ ಮಾತು ಸರಿ ಎಂದೇ ನನಗನಿಸುತ್ತದೆ. ಕಟ್ಟೆ ಗಟ್ಟಿಯಾಯಿತು, ಕಾಯುವ ಪಾಳಿ ನಿಂತಿತು.

ಮುಂದಿನದು ಬೇಗ ನಡೆಯಿತು. 80–90ರ ದಶಕಗಳಲ್ಲಿ ಸಿಗಡಿ ಕೃಷಿಗೆ ಗಜನಿಗಳು ಗುತ್ತಿಗೆಗೆ ಹೋದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಮಣ್ಣಿನಲ್ಲಿ ಕಗ್ಗವೂ ಏಳಲಿಲ್ಲ. 90ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಸತ್ತಿತು. ಕರಾವಳಿಯ ಸಿಗಡಿ ಕೊಳಗಳಿಗೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು. ನಮ್ಮ ಗಜನಿಗೆ ಅಷ್ಟರಲ್ಲಿ ತಡವಾಗಿತ್ತು.

1998ರಿಂದ ಕೊಂಕಣ ರೈಲು ಓಡುತ್ತಿದೆ, ಮಿರ್ಜಾನಿನಲ್ಲಿ ಸ್ಟೇಷನ್ನೂ ಇದೆ. ಹುಡುಗರು ಆ ರೈಲು ಹತ್ತಿ ದುಡಿಮೆಗೆ ಊರು ಬಿಟ್ಟಿದ್ದಾರೆ. ಅವರನ್ನು ಕೆಸರಿಗೆ ಮರಳಿ ಎಂದು ಕರೆಯುವ ಹಕ್ಕು ನನಗಿಲ್ಲ.

ಆದರೆ ಇದೇ ತಾಲ್ಲೂಕಿನ ಮಾಣಿಕಟ್ಟಾದ ರೈತರು ಕಗ್ಗದ ಬೀಜ ಬಿಟ್ಟುಕೊಟ್ಟಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಘೋಷಣೆಯಾಯಿತು. ಆ ಗೌರವಕ್ಕೆ ಅರ್ಥ ಬರಬೇಕಾದರೆ ಕಟ್ಟೆ ದುರಸ್ತಿಯ ಹಣವೂ ಅದರ ಉಸ್ತುವಾರಿಯೂ ಗಜನಿಯ ಊರುಗಳ ಕೈಗೆ ಬರಬೇಕು. ನೀವು ಕುಮಟಾ ಕಡೆ ಹೋದರೆ ಕಗ್ಗದ ಕೆಂಪಕ್ಕಿ ಕೇಳಿ. ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ.