ಅಪ್ಪನ ದನಿಯನ್ನು ನಾನೇ ಅಳಿಸಿದೆ

ಅಪ್ಪನ ವರ್ಷದ ತಿಥಿಯ ಹಿಂದಿನ ರಾತ್ರಿ ಅಮ್ಮ ಕೇಳಿದಳು: “ಆ ಕ್ಯಾಸೆಟ್‌ನಾಗೆ ನಿಮ್ಮಪ್ಪ ಮಾತಾಡಿದ್ದೈತಲ್ಲ, ಒಂದ್ಸಲ ಹಾಕಪ್ಪ.”

ಹಾಕಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅದನ್ನು ಹೇಳುವ ಧೈರ್ಯವೂ ಬರಲಿಲ್ಲ.

ನಮ್ಮದು ಶಿರಾ ತಾಲ್ಲೂಕಿನ ಹುಲಿಕುಂಟೆ. 2002ರಲ್ಲಿ ದೂರದರ್ಶನ ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಎರಡು ವರ್ಷದ ಹಿಂದಷ್ಟೇ ಬಂದಿದ್ದ ‘ಕೌನ್ ಬನೇಗಾ ಕರೋಡ್‌ಪತಿ’ ಕೋಟಿ ರೂಪಾಯಿಯ ಆಸೆ ಹಚ್ಚಿತ್ತು. ಇಲ್ಲಿ ವೈದ್ಯರಾದ ನಾ. ಸೋಮೇಶ್ವರ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಿದ್ದರು. ಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕವಿಲ್ಲದ ನನಗೆ ಅದೇ ದೊಡ್ಡ ಐಶ್ವರ್ಯವಾಗಿ ಕಂಡಿತು. ಶಾಲೆಯ ರಸಪ್ರಶ್ನೆಗೆ ತಯಾರಾಗಲೆಂದು ಟಿ.ವಿ. ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಧ್ವನಿ ಹಿಡಿದುಕೊಳ್ಳುತ್ತಿದ್ದೆ.

ಆ ಟೇಪಿನಲ್ಲಿ ನಮ್ಮ ಮನೆಯೂ ಸೇರಿಕೊಳ್ಳುತ್ತಿತ್ತು. ಬಿತ್ತನೆಗೆ ಕಡಲೆಕಾಯಿ ಸುಲಿಯುವ ಚಟಪಟ ಸದ್ದು, ಅಮ್ಮನ ಬಳೆ, ಅಪ್ಪನ ಕೆಮ್ಮು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ವರ್ಷಗಟ್ಟಲೆ ಭೀಮನ ಪಾತ್ರ ಕಟ್ಟಿದವನು. ಮಹಾಭಾರತದ ಪ್ರಶ್ನೆ ಬಂದರೆ ಸ್ಪರ್ಧಿಗಳಿಗಿಂತ ಮುಂಚೆಯೇ ಕೂಗುತ್ತಿದ್ದ: “ಘಟೋತ್ಕಚ ಕಣಯ್ಯ, ನನ್ ಮಗ!”

ಮುಂದೆ ನಾನು ಮೇಷ್ಟ್ರಾದೆ. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಜೊತೆಗೆ ಖಾಸಗಿ ವಾಹಿನಿಗಳ ಹಳೆಯ ಗೇಮ್ ಶೋಗಳ ಮರುಪ್ರಸಾರವನ್ನೂ ಹಿಡಿದು, ಒಂದು ವಿಡಿಯೊ ತಾಣದಲ್ಲಿ ಚಾನೆಲ್ ತೆರೆದೆ. ಕಾರ್ಯಕ್ರಮ ಸ್ವಚ್ಛವಾಗಿ ಕೇಳಲೆಂದು ‘ಗದ್ದಲ’ವನ್ನೆಲ್ಲ ಸಾಫ್ಟ್‌ವೇರಿನಲ್ಲಿ ಕತ್ತರಿಸಿ ತೆಗೆದೆ. ಆ ಗದ್ದಲವೇ ಅಪ್ಪ. ಕ್ಯಾಸೆಟ್‌ಗಳು ಗುಜರಿಗೆ ಹೋದವು. ನೋಡುಗರು ‘ಬಾಲ್ಯ ನೆನಪಾಯಿತು ಸಾರ್’ ಎಂದು ಬರೆದಾಗಲೆಲ್ಲ ಉಬ್ಬಿದೆ.

ನನ್ನ ವಾದ ಗಟ್ಟಿಯಾಗಿಯೇ ಇತ್ತು. ಅಮೆರಿಕದಲ್ಲಿ 1964ರಿಂದ 1975ರವರೆಗೆ ಹಗಲು ಹೊತ್ತು ಬರುತ್ತಿದ್ದ ‘ಜೆಪರ್ಡಿ’ ರಸಪ್ರಶ್ನೆಯ ಬಹುಪಾಲು ಕಂತುಗಳು ಟೇಪು ಒರೆಸಿ ಮರುಬಳಸಿದ್ದರಿಂದ ನಾಶವಾದವು; ಅಭಿಮಾನಿಗಳು ಕಾಪಾಡದಿದ್ದರೆ ಕಾಪಾಡುವವರು ಯಾರು? ದೂರದರ್ಶನದ್ದು ಜನರದ್ದೇ ಅಂದುಕೊಂಡೆ. ಖಾಸಗಿಯವರದ್ದಕ್ಕೆ ‘ಕೃಪೆ’ ಎಂದು ಹೆಸರು ಹಾಕಿದರೆ ಸಾಕು ಎಂದು ನಂಬಿದೆ.

ಖಾಸಗಿ ಕಾರ್ಯಕ್ರಮವೊಂದರ ಹಕ್ಕುದಾರರಿಂದ ಮೊದಲ ದೂರು ಬಂತು. ಓದಲೂ ಇಲ್ಲ. ಎರಡನೆಯದು ಬಂದಾಗ ಚಿತ್ರವನ್ನು ಎಡಬಲ ತಿರುಗಿಸಿ, ಸುತ್ತ ಚೌಕಟ್ಟು ಹಾಕಿ ಮತ್ತೆ ಏರಿಸಿದೆ. ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗರನ್ನು ಹಿಡಿಯುವ ಮೇಷ್ಟ್ರು ಮಾಡಿದ ಕೆಲಸ ಅದು. ತೊಂಬತ್ತು ದಿನದೊಳಗೆ ಮೂರು ದೂರು ನಿಂತರೆ ಚಾನೆಲ್ಲೇ ಹೋಗುತ್ತದೆ ಎಂಬುದು ತಾಣದ ನಿಯಮ. ಹೋಯಿತು, ಕ್ಯಾಸೆಟ್ಟಿನಿಂದ ಇಳಿಸಿದ್ದೂ ಸೇರಿ ಎಲ್ಲವೂ. ಏರಿಸಿದ್ದೇ ಭದ್ರ ಎಂದುಕೊಂಡು ಬೇರೆ ಪ್ರತಿ ಇಟ್ಟಿರಲಿಲ್ಲ.

ಕಾಯ್ದೆ ಓದಿದ್ದು ಆಮೇಲೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಹಕ್ಕಿದೆ. ಪ್ರಸಾರದ ಮರುವರ್ಷದಿಂದ ಲೆಕ್ಕ. 2002ರ ಪ್ರಸಾರಕ್ಕೆ ಅದು ಮುಗಿಯುವುದು 2027ರ ಕೊನೆಗೆ. ಚಿತ್ರೀಕರಿಸಿದ ಕಾರ್ಯಕ್ರಮದ ಹಕ್ಕು ಬೇರೆ, ಅದು 60 ವರ್ಷ. ಸರ್ಕಾರದ ಕೃತಿಗೂ 60 ವರ್ಷವೇ. ‘ಜನರದ್ದು’ ಎಂಬ ನನ್ನ ತರ್ಕಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಅದೇ ಕಾಯ್ದೆಯ 52ನೇ ಕಲಂ ಸ್ವಂತ ಬಳಕೆಗೆ, ಅಧ್ಯಯನಕ್ಕೆ, ವಿಮರ್ಶೆಗೆ, ಪಾಠಕ್ಕೆ ದಾರಿ ಬಿಟ್ಟಿದೆ. ಟೇಪನ್ನು ಮನೆಯಲ್ಲಿಟ್ಟುಕೊಂಡು ಕೇಳಿದ್ದರೆ, ಪಾಠದ ನಡುವೆ ಮಕ್ಕಳಿಗೆ ಕೇಳಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಜಗತ್ತಿಗೆ ಹಂಚುವ ಹಕ್ಕಷ್ಟೇ ನನ್ನದಾಗಿರಲಿಲ್ಲ.

ಹಳೆಯ ಕಾರ್ಯಕ್ರಮಗಳು ಜನರಿಗೆ ಸಿಗಬೇಕು ಎಂದು ಈಗಲೂ ಬಲವಾಗಿ ನಂಬುತ್ತೇನೆ. ಹಕ್ಕು ಇರುವವರು ಅವನ್ನು ಕಪಾಟಿನಲ್ಲಿ ಕೊಳೆಯಲು ಬಿಡಬಾರದು. ಆದರೆ ಅದನ್ನು ಕೇಳಬೇಕಾದದ್ದು ಪತ್ರ ಬರೆದು, ಅನುಮತಿ ಬೇಡಿ. ನಾನು ಒಂದು ಪತ್ರವನ್ನೂ ಬರೆದಿರಲಿಲ್ಲ. ಕಾರ್ಯಕ್ರಮದ ಮೂಲ ಪ್ರತಿ ಎಲ್ಲೋ ಒಂದು ಕಡೆ ಇರಬಹುದು, ಮುಂದೊಂದು ದಿನ ಮತ್ತೆ ಬರಬಹುದು. ಅಪ್ಪನ ದನಿಗೆ ನಾನೊಬ್ಬನೇ ವಾರಸುದಾರ. ಪರರ ಸೊತ್ತನ್ನು ತೊಳೆದು ಮೆರೆಸಲು ಹೋಗಿ ನನ್ನ ಸೊತ್ತನ್ನು ಬಚ್ಚಲಿಗೆ ಚೆಲ್ಲಿದೆ.

ತಿಥಿ ಮುಗಿದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಫೋನಿನ ರೆಕಾರ್ಡರ್ ಒತ್ತಿ ಅವಳ ಮುಂದಿಟ್ಟು, “ಅಪ್ಪ ಹೆಂಗೆ ಕೂಗ್ತಿದ್ದ ಹೇಳಮ್ಮ” ಎಂದೆ. ಅಮ್ಮ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸುಲಿಯುತ್ತಲೇ ಹೇಳಿದಳು. ಆ ಚಟಪಟ ಸದ್ದನ್ನು ನಾನು ಕತ್ತರಿಸಿಲ್ಲ.