ಕೋಲಾರದ ಹಣ್ಣು, ಮನೆಯ ಸೂಪು

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ಸಾಗಿದರೆ ಕೋಲಾರ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಹರಿದು ಬರುವ ನೀರನ್ನೂ, ಊರೊಳಗಿನ ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳನ್ನೂ ಕಂಡು ಹಿಂದಿರುಗುವುದು ಯಾತ್ರಿಕರ ವಾಡಿಕೆ. ನಾವೂ ಅವನ್ನೆಲ್ಲ ಕಂಡೆವು. ಆದರೆ ಇಲ್ಲಿ ಹೇಳಹೊರಟಿರುವುದು ಆ ಊರಿನ ಟೊಮೆಟೊ ಮಾರುಕಟ್ಟೆಯನ್ನು, ಅಲ್ಲಿಂದ ಚೀಲದಲ್ಲಿ ಹೊತ್ತು ತಂದ ಹಣ್ಣನ್ನು ಮತ್ತು ಆ ಹಣ್ಣಿನಿಂದ ಮನೆಯಲ್ಲಿ ತಯಾರಾದ ಸೂಪನ್ನು ಕುರಿತು.

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಿದು. ಕೆರೆಗಳನ್ನು ಕಟ್ಟಿಕೊಂಡು ಬದುಕಿದ ಜನ, ಕೆರೆ ಬತ್ತಿದ ಮೇಲೆ ಕೊಳವೆಬಾವಿಗಳನ್ನು ಆಳಕ್ಕೆ ಕೊರೆಯುತ್ತಾ ಹೋದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಇಲ್ಲಿಯ ಕೆರೆಗಳಿಗೆ ಬರಲಾರಂಭಿಸಿತು. ದಾರಿಯ ಎರಡೂ ಬದಿಯಲ್ಲಿ ಕಡ್ಡಿ ನೆಟ್ಟು, ದಾರ ಬಿಗಿದು, ಹನಿ ನೀರಾವರಿಯಲ್ಲಿ ಎಬ್ಬಿಸಿದ ಟೊಮೆಟೊ ತೋಟಗಳನ್ನು ನೋಡುತ್ತಾ ಹೋದಾಗ, ಇಷ್ಟು ನೀರಡಿಕೆಯ ನೆಲದಿಂದ ಇಷ್ಟೊಂದು ರಸಭರಿತವಾದ ಹಣ್ಣು ಬರುವುದು ನಮಗೆ ಸೋಜಿಗವೆನಿಸಿತು. ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರೇ ಅಲ್ಲವೆ?

ಕೋಲಾರದ ಮಾರುಕಟ್ಟೆಯು ಏಷ್ಯಾ ಖಂಡದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾಗಿದೆ. ನಾವು ಬೆಳಿಗ್ಗೆ ಅಲ್ಲಿಗೆ ತಲುಪುವ ಹೊತ್ತಿಗೆ ಪ್ಲಾಸ್ಟಿಕ್ ಬಾಕ್ಸುಗಳ ಸಾಲುಗಳು ಆಳೆತ್ತರಕ್ಕೆ ಏರಿದ್ದವು. ಒಂದು ಬಾಕ್ಸಿಗೆ 15 ಕಿಲೋ ಲೆಕ್ಕ. ಮಂಡಿಯ ಮುಂದೆ ಹರಾಜು ಕೂಗುವವನ ಮಾತು ಹೊಸಬರ ಕಿವಿಗೆ ಒಂದೂ ತಿಳಿಯದು. ಆದರೆ ಪಕ್ಕದಲ್ಲಿ ನಿಂತ ಬೆಳೆಗಾರನ ಮುಖ ನೋಡಿದರೆ ಸಾಕು, ಬೆಲೆ ಏರಿತೋ ಇಳಿಯಿತೋ ತಿಳಿದುಬಿಡುತ್ತದೆ. 2023ರ ಜುಲೈ ತಿಂಗಳಲ್ಲಿ ಇದೇ ಪ್ರಾಂಗಣದಲ್ಲಿ ಬಾಕ್ಸೊಂದಕ್ಕೆ 2,000 ರೂಪಾಯಿಗೂ ಮೀರಿ ಬೆಲೆ ಬಂದಿತ್ತು. ಆಗ ನಗರದ ನಮ್ಮಂಥವರು ಸಾರಿಗೆ ಹುಣಿಸೆಯನ್ನೇ ನೆಚ್ಚಿಕೊಂಡೆವು. ಬೆಲೆ ಕುಸಿದ ದಿನಗಳಲ್ಲಾದರೋ ಬಿಡಿಸುವ ಕೂಲಿ, ಸಾಗಣೆಯ ಬಾಡಿಗೆ ಕೂಡ ಹುಟ್ಟದೆ, ಬೆಳೆದವರೇ ಹಣ್ಣನ್ನು ರಸ್ತೆಬದಿಗೆ ಸುರಿದು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಒಂದು ಪಾತ್ರೆ ಸೂಪು ಮಾಡಿ ಈ ಕಷ್ಟವನ್ನು ನೀಗಿಸಬಹುದೆಂದು ಹೇಳುವಷ್ಟು ಧೈರ್ಯ ನಮಗಿಲ್ಲ.

ಅಲ್ಲಿ ನಮ್ಮ ಗಮನ ಸೆಳೆದದ್ದು ಮತ್ತೊಂದು ಸಂಗತಿ. ದೂರದ ರಾಜ್ಯಗಳಿಗೆ ಹೋಗುವ ಲಾರಿಗಳಿಗೆ ತುಂಬುವುದು ಇನ್ನೂ ಬಣ್ಣ ತಿರುಗುತ್ತಿರುವ, ಗಟ್ಟಿ ಸಿಪ್ಪೆಯ ಹೈಬ್ರಿಡ್ ಕಾಯಿಗಳನ್ನು. ಎರಡು ಮೂರು ದಿನದ ಕುಲುಕಾಟವನ್ನು ತಡೆಯಬೇಕಾದುದು ಆ ಕಾಯಿಯ ಮೊದಲ ಗುಣ. ರುಚಿಯೇನಿದ್ದರೂ ಆಮೇಲಿನ ಮಾತು. ಗಿಡದಲ್ಲೇ ಪೂರ್ಣ ಕೆಂಪಾಗಿ ಮೆತ್ತಗಾದ ಹಣ್ಣನ್ನು ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಸೂಪಿಗೆ ಬೇಕಾದದ್ದು ಆ ಹಣ್ಣೇ! ಅಂಥದ್ದನ್ನು ಗುಡ್ಡೆ ಹಾಕಿಕೊಂಡು ಕುಳಿತಿದ್ದ ತಾಯಿಯೊಬ್ಬಳು ನಮ್ಮ ಚೀಲಕ್ಕೆ ತುಂಬಿಕೊಡುತ್ತಾ, “ನಾಳೀಕ್ ನಿಲ್ಲಲ್ಲ ಸ್ವಾಮಿ, ಇವೊತ್ತೇ ಬೇಯಿಸ್ಕೊಂಬಿಡಿ” ಎಂದಳು. ನಾಲ್ಕು ಕಿಲೋ ಹಣ್ಣಿಗೆ ಅವಳು ಕೇಳಿದ ಹಣ ನಮ್ಮ ಬಸ್ಸಿನ ಚಾರ್ಜಿಗಿಂತಲೂ ಕಡಿಮೆ.

ಅಂದು ಸಂಜೆ ಮನೆಯಲ್ಲಿ ಮಾಡಿದ ಕ್ರಮ ಹೀಗಿದೆ. ಒಂದು ಕಿಲೋ ಹಣ್ಣನ್ನು ತೊಳೆದು, ಒಂದೊಂದರ ಬುಡದಲ್ಲೂ ಚಾಕುವಿನಿಂದ ಅಡ್ಡ ಉದ್ದ ಗೀರು ಹಾಕಿ, ಕುದಿಯುವ ನೀರಿಗೆ ಬಿಟ್ಟು ಒಂದೆರಡು ನಿಮಿಷದಲ್ಲಿ ತೆಗೆದು ತಣ್ಣೀರಿಗೆ ಹಾಕಿದೆವು. ಸಿಪ್ಪೆ ತಾನಾಗಿ ಸುಲಿದು ಬಂತು. ದಪ್ಪತಳದ ಸ್ಟೀಲ್ ಪಾತ್ರೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಹೆಚ್ಚಿದ ಒಂದು ಗಜ್ಜರಿಗಳನ್ನು ಮಂದ ಉರಿಯಲ್ಲಿ ಬಾಡಿಸಿ, ಹಣ್ಣನ್ನು ಹೆಚ್ಚಿ ಸೇರಿಸಿದೆವು. ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯನ್ನು ಇದಕ್ಕೆ ಬಳಸಬಾರದು. ಹಣ್ಣಿನ ಹುಳಿ ಲೋಹವನ್ನು ತಿನ್ನುತ್ತದೆ. ಪಾತ್ರೆಗೆ ಮುಚ್ಚಳ ಬೇಡ. ನೀರು ಹಿಂಗಿದಷ್ಟೂ ರುಚಿ ಕೂಡುತ್ತದೆ. ಅರ್ಧ ಗಂಟೆ ಬೆಂದ ಮೇಲೆ ಆರಿಸಿ, ರುಬ್ಬಿ, ಬೀಜ ಉಳಿಯದಂತೆ ಜರಡಿಯಲ್ಲಿ ಸೋಸಿ, ಒಂದು ಲೋಟ ನೀರು, ಉಪ್ಪು, ಕಡಲೆಕಾಳಿನಷ್ಟು ಬೆಲ್ಲ ಹಾಕಿ ಮತ್ತೊಮ್ಮೆ ಕುದಿಸಿದೆವು. ಮೆಣಸನ್ನು ಆಗಲೇ ಕುಟ್ಟಿ ಮೇಲೆ ಉದುರಿಸಬೇಕು.

ಹೋಟೆಲಿನ ಸೂಪಿನಂತೆ ಮಂದವಾಗಲೆಂದು ಜೋಳದ ಹಿಟ್ಟು ಕದಡುವ ಪದ್ಧತಿ ನಮಗೆ ಸೇರದು. ಹಣ್ಣು ಪಕ್ವವಾಗಿದ್ದರೆ ಅದರ ತಿರುಳೇ ಸಾಕು. ಕಾಯಿಬಣ್ಣದ್ದಾದರೆ ಹಿಟ್ಟೂ ಬೇಕು, ಬಣ್ಣಕ್ಕೆ ಬೀಟ್‌ರೂಟೂ ಬೇಕು, ಸಕ್ಕರೆಯೂ ಬೇಕು. ಕೆನೆ ಹಾಕುವ ಆಸೆಯುಳ್ಳವರು ಪಾತ್ರೆಯನ್ನು ಒಲೆಯಿಂದ ಇಳಿಸಿದ ನಂತರ ಹಾಕಲಿ. ಕುದಿಯುವ ಹುಳಿಗೆ ಹಾಲೋ ಕೆನೆಯೋ ಬಿದ್ದರೆ ಒಡೆಯುವ ಸಂಭವವುಂಟು. ತುಪ್ಪ ಕೇವಲ ರುಚಿಗಾಗಿ ಅಲ್ಲ. ಟೊಮೆಟೊವಿನ ಕೆಂಪಿಗೆ ಕಾರಣವಾದ ಲೈಕೋಪಿನ್ ಎಂಬ ಅಂಶವು ಹಣ್ಣನ್ನು ಬೇಯಿಸಿ, ಜಿಡ್ಡಿನೊಡನೆ ಉಂಡಾಗ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಸೂಪು ಪರದೇಶದ್ದು, ನಮಗೆ ಸಾರೇ ಸಾಕೆನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಅಲ್ಲಗಳೆಯಲಾರೆವು. ಆದರೆ ಟೊಮೆಟೊ ಕೂಡ ದಕ್ಷಿಣ ಅಮೆರಿಕೆಯ ಮೂಲದ್ದೇ. ಇತ್ತ ತಮಿಳರ ಮೆಣಸಿನ ನೀರು ಆಂಗ್ಲರ ಮೇಜನ್ನೇರಿ ‘ಮುಲ್ಲಿಗಟಾನಿ’ ಎಂಬ ಸೂಪಾದುದೂ ಉಂಟು. ನಮ್ಮ ಮನೆಯ ಅಜ್ಜಿ ಸೂಪನ್ನು ಒಂದು ಗುಟುಕು ಕುಡಿದು, ಇಂಗಿನ ಒಗ್ಗರಣೆ ಹಾಕಿಸಿಕೊಂಡು, ಅನ್ನಕ್ಕೆ ಕಲಸಿ ಊಟ ಮುಗಿಸಿದರು. ಮಕ್ಕಳು ಜೋಳದ ರೊಟ್ಟಿಯ ಚೂರುಗಳನ್ನು ಅದರಲ್ಲಿ ಅದ್ದಿ ತಿಂದರು.

ಉಳಿದ ಮೂರು ಕಿಲೋ ಹಣ್ಣನ್ನು ಅಂದೇ ರಾತ್ರಿ ಬೇಯಿಸಿ, ಸೋಸಿ, ಗಟ್ಟಿಯಾಗುವಂತೆ ಕುದಿಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆವು. ನಾಲ್ಕು ದಿನಗಳೊಳಗೆ ಬಾಟಲಿ ಬರಿದಾಯಿತು.