ಡೊಂಬಿವಲಿಯಿಂದ ಅಣ್ಣನಿಗೆ

ಡೊಂಬಿವಲಿ



ಕಲಬುರಗಿಯಲ್ಲಿ ರೈಲು ಹತ್ತಿದವನು, ಬಸವಣ್ಣನವರ ಕಲ್ಯಾಣದ ಹೆಸರನ್ನೇ ಹೊತ್ತ ಇಲ್ಲಿಯ ಕಲ್ಯಾಣದಲ್ಲಿಳಿದು, ಲೋಕಲ್ ಹಿಡಿದು ಅಕ್ಕನ ಮನೆಯನ್ನು ಸುಖವಾಗಿ ಸೇರಿದೆನು. ಒಳಗೆ ಕಾಲಿಡುವಾಗ ಭಾವನವರು ಏಣಿಯೇರಿ, ಕಬ್ಬಿಣದ ಕಪಾಟನ್ನು ಗೋಡೆಗೆ ಬಿಗಿಯುತ್ತಿದ್ದರು. ಹಾಸಿಗೆಯ ತಲೆದೆಸೆಗೆ ತೂಗುತ್ತಿದ್ದ ಅಪ್ಪನವರ ಭಾವಚಿತ್ರವು ಆಗಲೇ ಪಡಸಾಲೆಗೆ ಸಾಗಿತ್ತು. ಅಡುಗೆಮನೆಯ ಸಿಲಿಂಡರಿಗೂ ಸರಪಳಿ ಬಿದ್ದಿತ್ತು. ಭೂಕಂಪದ ಸಿದ್ಧತೆಯೆಂದು ಕೇಳಿ ಮೊದಲು ವಿಸ್ಮಯಪಟ್ಟೆನು. ಆದರೆ 1983ರಲ್ಲಿ ಇದೇ ಠಾಣೆ ಜಿಲ್ಲೆಯ ಶಹಾಪುರದ ಸೀಮೆಯಲ್ಲಿ, ಭಾತ್ಸಾ ಜಲಾಶಯದ ಸುತ್ತಣ ಹಳ್ಳಿಗಳು ನಡುಗಿದ್ದನ್ನೂ, ಒಂದು ಕಾಲಕ್ಕೆ ಠಾಣೆಗೇ ಸೇರಿದ್ದ ಡಹಾಣೂ, ತಲಾಸರಿಗಳ ಜನರು 2018ರ ನವೆಂಬರಿನಿಂದ ಕಂಪನದ ಮೇಲೆ ಕಂಪನವನ್ನು ಸಹಿಸುತ್ತ ಬಯಲ ಗುಡಾರಗಳಲ್ಲಿ ಮಲಗಿದ್ದನ್ನೂ ಭಾವನವರು ವಿವರಿಸಿದ ಬಳಿಕ ನನ್ನ ವಿಸ್ಮಯವು ಚಿಂತೆಗೆ ತಿರುಗಿತು. ಈ ಕಟ್ಟಡದ ಕೆಳಗೆ ಗೋಡೆಗಳಿಲ್ಲ, ವಾಹನಗಳಿಗೆಂದು ಬಿಟ್ಟ ಬರಿಯ ಕಂಬಗಳು. 2001ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ ಇಂತಹವೇ ಅನೇಕವಂತೆ. ಆ ಕಂಬಗಳನ್ನು ಪರೀಕ್ಷಿಸಲು ಸೊಸೈಟಿಯವರು ಇಂಜಿನಿಯರನ್ನು ಕರೆಸಲಿದ್ದಾರೆ.

ಅಣ್ಣಾ, ಆ ರಾತ್ರಿಯೆಲ್ಲ ನನ್ನ ಚಿತ್ತವು ಆಳಂದದ ನಮ್ಮ ಮನೆಯ ಸುತ್ತಲೇ ಸುಳಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ, ಗಣಪತಿಯನ್ನು ಕಳುಹಿಸಿ ದಣಿದು ಮಲಗಿದ್ದ ಕಿಲ್ಲಾರಿಯ ಜನರ ಮೇಲೆ ಬಿದ್ದುದು ನಮ್ಮದರಂತಹವೇ ಗೋಡೆಗಳಲ್ಲವೇ? ಹೊರಗೊಂದು ಒಳಗೊಂದು ಕಲ್ಲಿನ ಮುಖ, ನಡುವೆ ಜಲ್ಲಿ, ಮಣ್ಣಿನ ಗಾರೆ. ಎರಡು ಮುಖಗಳನ್ನೂ ಹಿಡಿದಿಡುವ ಅಡ್ಡಗಲ್ಲಿಲ್ಲದೆ ಅವು ಸೀಳಿ ಉರುಳಿದವು. ಮೇಲಿನಿಂದ ಮಾಳಿಗೆಯ ಮಣ್ಣು ಬಂದಿತು. ಹತ್ತಿರ ಹತ್ತಿರ ಹತ್ತು ಸಾವಿರ ಜೀವಗಳು ಹೋದವು. ಗೋಡೆಗಳು ಕೆಡೆದಲ್ಲಿಯೂ ಎಷ್ಟೋ ಕಡೆ ಮರದ ಕಂಬತೊಲೆಗಳು ನಿಂತೇ ಇದ್ದವೆಂಬುದನ್ನು ನಾವು ಮರೆಯಬಾರದು. ಅಜ್ಜನವರು ನಿಲ್ಲಿಸಿದ ಸಾಗುವಾನಿಯ ಕಂಬಗಳೇ ನಮಗೆ ಉಳಿದ ಬಲ. ಕಂಬಕ್ಕೂ ತೊಲೆಗೂ ಓರೆಯಾಗಿ ಊರುಗೋಲು ಕೊಡಿಸಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರುಪಾರು ರಂಧ್ರ ಕೊರೆಸಿ, ಕಬ್ಬಿಣದ ಕೊಕ್ಕೆಯಿಟ್ಟು ಕಾಂಕ್ರೀಟು ತುಂಬಿಸಬೇಕು. ಪ್ರತಿವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊದಿಸುವ ನಮ್ಮ ವಾಡಿಕೆಯು ಭಾರವನ್ನು ಬೆಳೆಸಿದೆಯೆಂದೇ ನನ್ನ ಅಭಿಪ್ರಾಯ.

ಅವ್ವ ಮಲಗುವುದು ಆ ದಪ್ಪ ಗೋಡೆಯ ಬುಡದಲ್ಲಿಯೇ. ಕೂಲಿಯ ಹಣವನ್ನು ಕಳುಹಿಸುತ್ತಿದ್ದೇನೆ. ನಾನು ದೀಪಾವಳಿಗೆ ಬರುವುದರೊಳಗೆ ಹಳೆಯ ಮಣ್ಣನ್ನು ಇಳಿಸಿಬಿಡಿ. ಅದಕ್ಕೂ ಮೊದಲು, ಈ ಪತ್ರ ಮುಟ್ಟಿದ ದಿನವೇ, ಅವ್ವನ ಹಾಸಿಗೆಯನ್ನು ಅಂಗಳದ ಬಾಗಿಲಿನ ಕಡೆಗೆ, ಕಂಬಗಳ ನಡುವೆ ಹಾಕಿಸಿರಿ.

ತಮ್ಮ ವಿಧೇಯ ತಮ್ಮ